ಅಳು ನಿಲ್ಲುವವರೆಗೆ

ಹುಡುಗರಿಗೆ ಹೊಡೆಯುವುದಕ್ಕೆ ಜಾಲಿಹಾಳ ಸರ್ ಒಂದು ನಿಯಮ ಇಟ್ಟುಕೊಂಡಿದ್ದರು. ಇಷ್ಟೇ ಏಟು ಎಂದು ಎಣಿಸುವವರಲ್ಲ ಅವರು. ಅಳು ನಿಲ್ಲುವವರೆಗೆ ಹೊಡೆಯುವುದು, ನಿಂತ ಕೂಡಲೇ ಕೈ ಇಳಿಸುವುದು. ಇದರಲ್ಲಿ ಸಿಟ್ಟಿಲ್ಲ, ಹಗೆಯಿಲ್ಲ, ಶ್ರೀಮಂತನ ಮಗನಿಗೂ ಕೂಲಿಯವನ ಮಗಳಿಗೂ ಒಂದೇ ನ್ಯಾಯ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಳ್ಳುತ್ತಿದ್ದರು. ಬೆಣ್ಣೆಗುಡ್ಡದ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಕಲಿಸಿದ ಗುರುಸಿದ್ದಪ್ಪ ಜಾಲಿಹಾಳರ ತರಗತಿ ಊರಿಗೇ ಅತ್ಯಂತ ನಿಶ್ಶಬ್ದವಾದ ಜಾಗವಾಗಿತ್ತು. ಹೊಡೆಯಬಾರದೆಂಬ ಕಾನೂನು ಬಂದು ಎಷ್ಟೋ ವರ್ಷಗಳಾಗಿದ್ದರೂ ಆ ಊರಿನಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ.

ಅವರಿಗೆ ಐವತ್ನಾಲ್ಕು ತುಂಬಿದ ವರ್ಷ ಸರಕಾರದಿಂದ ಆದೇಶ ಬಂತು. ಎಂಟನೇ ತರಗತಿಯಿಂದಲೇ ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸಬೇಕು, ಆನಿಮೇಶನ್ ಮೂಲಕ ಕಲಿಸಬೇಕು, ಕಲಿಸುವವರು ಮೊದಲು ಹತ್ತು ದಿನ ತರಬೇತಿಗೆ ಬರಬೇಕು. ಬಾಗಲಕೋಟೆಯ ಹಿನ್ನೀರಿನ ದಂಡೆಯಲ್ಲಿದ್ದ ಹಳೆಯ ಹತ್ತಿ ಗೋದಾಮೊಂದನ್ನು ತರಬೇತಿ ಕೇಂದ್ರವನ್ನಾಗಿ ಮಾಡಿದ್ದರು. ನಲವತ್ತು ಜನ ಶಿಕ್ಷಕರು ಅಲ್ಲಿ ಸೇರಿದರು.

ಗೋದಾಮಿನ ನಡುವೆ ಒಂದು ಅಗಲವಾದ ವೇದಿಕೆ. ಅದಕ್ಕೆ ಕಣ ಎಂದು ಹೆಸರಿಟ್ಟಿದ್ದರು, ನೋಡುವುದಕ್ಕೂ ರಾಶಿ ಮಾಡುವ ಕಣದಂತೆಯೇ ಇತ್ತು. ಆದರೆ ಅದರ ಮೇಲೆ ಹರಡಿದ್ದು ಜೋಳವಲ್ಲ, ಹಿಟ್ಟಿನಷ್ಟು ನುಣುಪಾದ ಕಬ್ಬಿಣದ ಹುಡಿ. ನೆಲದ ಕೆಳಗೆ ಸಾವಿರಾರು ತಂತಿಸುರುಳಿಗಳು, ತಲೆಯ ಮೇಲೆ ತೂಗುಹಾಕಿದ ಚೌಕಟ್ಟಿನಲ್ಲಿ ಮತ್ತಷ್ಟು. ಯಾವ ಸುರುಳಿಗೆ ಎಷ್ಟು ಕರೆಂಟು ಹೋಗಬೇಕೆಂದು ಕಂಪ್ಯೂಟರ್ ಹೇಳುತ್ತದೆ. ಅದು ಹೇಳಿದಂತೆ ಅಯಸ್ಕಾಂತದ ಸೆಳೆತ ಬದಲಾಗಿ ಹುಡಿ ಮೇಲೇಳುತ್ತದೆ, ಒಂದಕ್ಕೊಂದು ಕಚ್ಚಿಕೊಂಡು ಕಾಲಾಗುತ್ತದೆ, ಕೈಯಾಗುತ್ತದೆ, ಬೊಂಬೆಯಾಗಿ ನಡೆಯುತ್ತದೆ. ತಾವು ಬರೆದ ಸಾಲು ಕಣ್ಣೆದುರು ಎದ್ದು ನಿಂತು ನಡೆದಾಡಿದರೆ ಮಕ್ಕಳಿಗೆ ಪಾಠ ಬೇರೆ ಬೇಕಿಲ್ಲ ಎಂಬುದು ಇದನ್ನು ಕಟ್ಟಿದವರ ಆಲೋಚನೆ.

ಕಲಿಸಲು ಬಂದವಳು ಫರ್ಜಾನಾ ಬಾಗಬಾನ ಎಂಬ ಇಪ್ಪತ್ತೊಂಬತ್ತರ ಎಂಜಿನಿಯರ್. ಕಣದ ಕಟ್ಟುಪಾಡುಗಳನ್ನು ಅವಳು ಮೊದಲ ದಿನವೇ ಹೇಳಿದ್ದಳು. ಬೊಂಬೆ ಮೊಣಕಾಲೆತ್ತರ ಮೀರುವುದಿಲ್ಲ. ಮನುಷ್ಯರು ಒಂದು ಮಾರು ಹತ್ತಿರ ಬಂದರೆ ತಾನಾಗಿ ಕುಸಿದು ಹುಡಿಯಾಗುತ್ತದೆ. ಅದಕ್ಕೆ ಕಣ್ಣಿಲ್ಲ, ಕಣದ ನಾಲ್ಕು ಮೂಲೆಯ ಮೈಕುಗಳೇ ಕಿವಿ. ಕಣದೊಳಗಿನ ಸದ್ದನ್ನು ಮಾತ್ರ ಅದು ಲೆಕ್ಕಕ್ಕೆ ಹಿಡಿಯುತ್ತದೆ, ಇಲ್ಲದಿದ್ದರೆ ತರಗತಿಯ ಗದ್ದಲಕ್ಕೆಲ್ಲ ಕುಣಿಯಬೇಕಾಗುತ್ತದೆ. ಇನ್ನು, ನೆಟ್‌ವರ್ಕ್ ಹೋದರೂ ಪಾಠ ನಿಲ್ಲಬಾರದೆಂದು, ಕೊನೆಗೆ ಹಾಕಿದ ಪ್ರೋಗ್ರಾಂ ಕಣದ ನೆನಪಿನಲ್ಲೇ ಉಳಿದಿರುತ್ತದೆ.

ಜಾಲಿಹಾಳರ ಮೊದಲ ಬೊಂಬೆ ಕಣದ ಮೇಲೆ ಅಡ್ಡ ನಿಲ್ಲಿಸಿದ್ದ ಹಲಗೆಗೆ ಹೋಗಿ ಹಣೆ ಹಾಯ್ದುಕೊಂಡಿತು. ಮತ್ತೆ ಹಾಯ್ದುಕೊಂಡಿತು. ಎಲ್ಲಿ ನಿಲ್ಲಬೇಕೆಂದು ಅವರು ಬರೆದಿರಲಿಲ್ಲ. ಉಳಿದವರೆಲ್ಲ ನಕ್ಕರು. ತಮ್ಮ ಮಗಳ ವಾರಗೆಯ ಫರ್ಜಾನಾ ಪಕ್ಕದಲ್ಲಿ ಕೂತು, ನಡೆ ಎಂದ ಮೇಲೆ ಎಲ್ಲಿಯವರೆಗೆ ಎಂದೂ ಹೇಳಬೇಕು, ಅದಕ್ಕೇ ಶರತ್ತು ಅನ್ನುವುದು ಎಂದು ಬಿಡಿಸಿ ಹೇಳಿದಾಗ ಅವರ ಕಿವಿ ಬಿಸಿಯಾಯಿತು. ಮೇಜಿನ ಕೆಳಗೆ ಅವರ ಬಲಗೈ ಮುಷ್ಟಿ ಕಟ್ಟಿತ್ತು.

ಐದನೇ ದಿನ ಫರ್ಜಾನಾ ಒಂದು ಅಭ್ಯಾಸ ಕೊಟ್ಟಳು. ನಿಮ್ಮ ಕೈಗೆ ಚೆನ್ನಾಗಿ ಗೊತ್ತಿರುವ ಒಂದು ಕೆಲಸವನ್ನು ಬೊಂಬೆಯಿಂದ ಮಾಡಿಸಿ, ಶರತ್ತು ಹಾಕಿ, ಎಂದಳು. ಕನ್ನಡ ಕಲಿಸುವ ನೀಲಮ್ಮ ಟೀಚರ್ ರೊಟ್ಟಿ ಬಡಿಯುವ ಬೊಂಬೆ ಮಾಡಿದರು. ವಿಜ್ಞಾನದ ಪ್ರಹ್ಲಾದ ದೇಸಾಯಿಯವರ ಬೊಂಬೆ ಚೆಂಡೆಸೆಯಿತು. ಜಾಲಿಹಾಳರು ಎರಡು ಬೊಂಬೆ ಮಾಡಿದರು. ಒಂದು ಮೇಷ್ಟ್ರದು, ಇನ್ನೊಂದು ವಿದ್ಯಾರ್ಥಿಯದು. ಚಿಕ್ಕ ಬೊಂಬೆಯ ಕಾಲಬುಡದಲ್ಲಿ ಅಳುವ ಸದ್ದಿಗೆಂದು ಬಟನ್ನಿನಷ್ಟು ಸ್ಪೀಕರ್ ಇಟ್ಟರು. ಮೇಷ್ಟ್ರ ಬೊಂಬೆ ಕೈ ಬೀಸುವ ರೀತಿಯನ್ನು ಕಂಪ್ಯೂಟರಿನಲ್ಲಿ ಕೂತು ತಿದ್ದಿದರು. ಶರತ್ತಾಗಿ ಬರೆದದ್ದು ಎರಡೇ ಸಾಲು: ಅಳು ಕೇಳಿಸುತ್ತಿರುವವರೆಗೆ, ಅಳು ಬರುವ ಕಡೆಗೆ ಹೊಡೆ. ಏಟು ಬಿದ್ದರೆ ಅಳು. ಅಳು ನಿಂತಿತೆಂದು ಯಂತ್ರಕ್ಕೆ ಗೊತ್ತಾಗುವುದು ಹೇಗೆ ಎಂದು ಫರ್ಜಾನಾ ಕೇಳಿದ್ದಕ್ಕೆ, ಮೂರು ಸೆಕೆಂಡು ಸದ್ದಿಲ್ಲದಿದ್ದರೆ ನಿಂತಿದೆ ಎಂದು ತಿಳಿಯಲಿ ಎಂದರು. ಅದು ತರಗತಿಯಲ್ಲಿ ಅವರ ಸ್ವಂತ ಲೆಕ್ಕವೇ ಆಗಿತ್ತು.

ಮೇಷ್ಟ್ರ ಬೊಂಬೆ ಕೈ ಬೀಸಿತು. ಚಿಕ್ಕದು ಅತ್ತಿತು. ಮತ್ತೆ ಬೀಸಿತು, ಮತ್ತೆ ಅತ್ತಿತು. ಮೊದಮೊದಲು ಎಲ್ಲರಿಗೂ ನಗು. ಏಟಿನ ಭರಕ್ಕೆ ಚಿಕ್ಕ ಬೊಂಬೆಯ ತಲೆ ಉದುರಿ ಮತ್ತೆ ಕೂಡಿಕೊಂಡಾಗ ಒಂದಿಬ್ಬರು ಚಪ್ಪಾಳೆ ಹೊಡೆದರು. ನಾಲ್ಕು ನಿಮಿಷವಾದರೂ ಅದು ನಡೆಯುತ್ತಲೇ ಇತ್ತು. ನಗುವವರು ಯಾರೂ ಉಳಿಯಲಿಲ್ಲ. ಫರ್ಜಾನಾ ಮೆಲ್ಲಗೆ ಕೇಳಿದಳು:

"ಸರ್, ಇದು ಯಾವಾಗ ನಿಲ್ತದ್ರಿ?"

"ಅಳು ನಿಂತಾಗ."

"ಅಳು ಯಾವಾಗ ನಿಲ್ತದ?"

"ಹೊಡಿಯೋದು ನಿಂತಾಗ," ಎಂದ ಜಾಲಿಹಾಳರಿಗೆ ತಮ್ಮ ಮಾತು ತಮಗೇ ಕೇಳಿಸಿತು. ಆಮೇಲೆ ದನಿ ಏರಿಸಿ, ತಮ್ಮ ಕ್ಲಾಸಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಅದು ನಿಲ್ಲುತ್ತಲೇ ಬಂದಿದೆ, ನಿಮ್ಮ ಯಂತ್ರದಲ್ಲೇ ಏನೋ ದೋಷವಿದೆ ಎಂದರು.

ಅವಳು ಪ್ರೋಗ್ರಾಮನ್ನು ಇನ್ನೊಮ್ಮೆ ಓದಿದಳು. "ಯಂತ್ರ ನೀವು ಬರೆದಂಗ ಮಾಡ್ಲಿಕತ್ತದ್ರಿ ಸರ್. ನಿಮ್ಮ ಕ್ಲಾಸಿನ್ಯಾಗ ನಿಲ್ತದ ಅಂದ್ರ, ಈ ಪ್ರೋಗ್ರಾಮಿನ್ಯಾಗ ಇಲ್ಲದ್ದು ಏನೋ ಒಂದು ಮಕ್ಕಳು ಮಾಡ್ತಿರಬೇಕು."

ಆ ಸಂಜೆ ಅವರು ನವನಗರದ ತಮ್ಮ ಮನೆಗೆ ಬಂದಾಗ ಹೆಂಡತಿ ಶಕುಂತಲಾ ಊಟಕ್ಕೆ ಬಡಿಸಿದಳು. ಮಗಳು ದಾಕ್ಷಾಯಿಣಿ ಆಗಷ್ಟೇ ಬಸ್ಸಿನ ಡ್ಯೂಟಿ ಮುಗಿಸಿ ಬಂದು ಖಾಕಿ ಅಂಗಿಯಲ್ಲೇ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕಂಡಕ್ಟರ್ ಆಗಿ ನಾಲ್ಕು ವರ್ಷ, ದಿನವಿಡೀ ನೂರಾರು ಜನರ ಜೊತೆ ವಾದ ಮಾಡುವ ಹುಡುಗಿ, ಮನೆಯಲ್ಲಿ ಅಪ್ಪನ ಎದುರು ಹೂಂ, ಇಲ್ಲ ಬಿಟ್ಟರೆ ಮಾತಾಡುತ್ತಿರಲಿಲ್ಲ. ಅದನ್ನು ಅವರು ಸಂಸ್ಕಾರ ಎಂದುಕೊಂಡಿದ್ದರು.

ತರಬೇತಿಯ ಹುಡುಗಿ ತಮಗೆ ಪಾಠ ಹೇಳಿದ್ದನ್ನು ಅವರು ಸಿಟ್ಟಿನಿಂದ ಹೇಳಿಕೊಂಡರು. ಹೋಗಲಿ ಬಿಡಿ, ಆಕೆ ಹೇಳಿದ್ದರಲ್ಲೂ ಏನಾದರೂ ಇದ್ದೀತು ಎಂದಳು ಶಕುಂತಲಾ. ಮಾತು ಮುಗಿಯುವ ಮೊದಲೇ ತಟ್ಟೆ ಹಾರಿತು. ಅಂಚು ಅವಳ ಮಣಿಕಟ್ಟಿಗೆ ಬಡಿದು, ಬೇಳೆ ಗೋಡೆಗೆ ಸಿಡಿಯಿತು. ಶಕುಂತಲಾ ಕೈ ಹಿಡಿದುಕೊಂಡಳು, ಚಕಾರ ಎತ್ತಲಿಲ್ಲ. ದಾಕ್ಷಾಯಿಣಿ ಬಟ್ಟೆ ತಂದು ಗೋಡೆ ಒರೆಸಿದಳು. ಇಬ್ಬರ ಮುಖದಲ್ಲೂ ಏನೂ ಇರಲಿಲ್ಲ. ಜಾಲಿಹಾಳರಿಗೆ ಅದೇಕೋ ಆ ದಿನ ಕಣದ ಮೇಲೆ ತಲೆ ಉದುರಿ ಕೂಡಿಕೊಳ್ಳುತ್ತಿದ್ದ ಬೊಂಬೆ ನೆನಪಾಯಿತು. ಈ ಮನೆಯಲ್ಲಿ ಅಳು ಕೇಳಿ ಎಷ್ಟು ವರ್ಷವಾಯಿತೆಂದು ಲೆಕ್ಕ ಹಾಕಲು ಹೋಗಿ, ಹಾಕದೆ ಬಿಟ್ಟರು.

ಮರುದಿನ ಶನಿವಾರ, ಬೆಳಗಿನ ತರಗತಿ. ಫರ್ಜಾನಾ ಫೋನಿನಲ್ಲಿ ಮಾತಾಡುತ್ತ ಹೊರಗೆ ವರಾಂಡದಲ್ಲಿದ್ದಳು. ಜಾಲಿಹಾಳರ ಪ್ರೋಗ್ರಾಂ ಕಣದಲ್ಲಿ ಹಾಗೇ ಇತ್ತು. ಬೊಂಬೆ ಮೆದು, ಅದಕ್ಕೇ ಚಿಕ್ಕದರ ತಲೆ ಉದುರುತ್ತದೆ, ಗಟ್ಟಿ ಮಾಡಿದರೆ ಸರಿಯಾಗಿ ನಿಲ್ಲಬಹುದು ಎಂಬುದು ದೇಸಾಯಿಯವರ ವಾದ. ರಿಪೇರಿಯವರಿಗೆಂದೇ ಇಟ್ಟಿದ್ದ ಪೂರ್ಣಶಕ್ತಿಯ ಆಯ್ಕೆಯನ್ನು ಅವರು ಹುಡುಕಿ ತೆಗೆದಿದ್ದರು. ಆ ಆಯ್ಕೆಯಲ್ಲಿ ಎತ್ತರದ ಮಿತಿಯಿಲ್ಲ, ಮನುಷ್ಯರು ಬಂದರೆ ಕುಸಿಯುವ ಏರ್ಪಾಡೂ ಇಲ್ಲ. ಅದು ಅವರಿಗೆ ಗೊತ್ತಿರಲಿಲ್ಲ. ಪ್ರೋಗ್ರಾಂ ನಿಮ್ಮದು, ಹಾಕಲೇ ಎಂದು ಜಾಲಿಹಾಳರನ್ನು ಕೇಳಿದರು. ನೆಟ್ಟಗೆ ಹೊಡೆದರೆ ಅಳು ನಿಂತೇ ನಿಲ್ಲುತ್ತದೆ ಎಂಬುದನ್ನು ಆ ಹುಡುಗಿಗೆ ತೋರಿಸಬೇಕಾಗಿತ್ತು ಅವರಿಗೆ. ಹಾಕ್ರಿ, ನೋಡೋಣು ಎಂದರು.

ಹುಡಿ ಎದ್ದಿತು. ಆರಡಿ ದಾಟಿ ಎದ್ದಿತು. ಹತ್ತಿರದಿಂದ ನೋಡಲು ನೀಲಮ್ಮ ಟೀಚರ್ ಕಣದ ಅಂಚು ದಾಟಿ ಒಳಗೆ ಕಾಲಿಟ್ಟಿದ್ದರು. ಮೇಷ್ಟ್ರ ಬೊಂಬೆ ಮೊದಲ ಏಟಿಗೇ ಚಿಕ್ಕ ಬೊಂಬೆಯ ತಲೆ ಹಾರಿಸಿತು. ಎರಡನೆಯದಕ್ಕೆ ಕಾಲಬುಡದ ಸ್ಪೀಕರ್ ನುಚ್ಚಾಯಿತು. ಅಷ್ಟಕ್ಕೆ ಮುಗಿಯಬೇಕಾಗಿತ್ತು. ಆದರೆ ಹಾರಿದ ತಲೆ, ಬೊಗಸೆ ತುಂಬುವಷ್ಟು ಕಬ್ಬಿಣದ ಮುದ್ದೆ, ನೀಲಮ್ಮನವರ ಎದೆಗೆ ಬಡಿದಿತ್ತು. ಅವರು ಚೀರಿದರು.

ಬೊಂಬೆ ಚೀರಿದ ಕಡೆಗೆ ತಿರುಗಿತು.

ಏಟು ಕೆನ್ನೆಗೆ ಬಿತ್ತು. ಮೂಳೆ ಮುರಿದ ಸದ್ದು ಹಿಂದಿನ ಸಾಲಿನವರೆಗೂ ಕೇಳಿಸಿತು. ನೀಲಮ್ಮ ಬಿದ್ದರು, ಬಾಯಿಂದ ರಕ್ತ ಸುರಿಯುತ್ತಿತ್ತು, ಬಿದ್ದಲ್ಲಿಂದಲೇ ಕೂಗುತ್ತಿದ್ದರು. ಬೊಂಬೆ ಬಗ್ಗಿ ಮತ್ತೆ ಹೊಡೆಯಿತು. ಯಂತ್ರ ನಿಲ್ಲಿಸಲು ದೇಸಾಯಿ ಕಂಬದ ಮೇಲಿನ ಕೆಂಪು ಬಟನ್ ಒತ್ತಿದರು. ಮತ್ತೆ ಮತ್ತೆ ಒತ್ತಿದರು. ಮಿತಿಮೀರಿ ಹರಿದ ಕರೆಂಟಿಗೆ ಒಳಗಿನ ಸ್ವಿಚ್ಚಿನ ತಾಮ್ರ ಕರಗಿ ಬೆಸೆದುಕೊಂಡಿತ್ತು. ಮೇನ್ ಇದ್ದ ಕೋಣೆಗೆ ಬೀಗ. ಇಬ್ಬರು ಬೀಗ ಒಡೆಯಲು ಓಡಿದರು. ದೇಸಾಯಿ ಕಣದೊಳಗೆ ಜಿಗಿದು ನೀಲಮ್ಮನವರ ರಟ್ಟೆಗೆ ಕೈ ಹಾಕಿ, ಏಳ್ರಿ ಎಂದು ಕೂಗಿದರು. ಆ ಕೂಗಿಗೆ ಏಟು ಅವರ ಕಪಾಲಕ್ಕೆ ಬಿತ್ತು. ಅವರು ಸದ್ದಿಲ್ಲದೆ ಬಿದ್ದರು. ಸದ್ದಿಲ್ಲದವರ ಗೊಡವೆ ಬೊಂಬೆಗೆ ಇರಲಿಲ್ಲ, ಅದು ಮತ್ತೆ ನೀಲಮ್ಮನವರ ಕಡೆಗೆ ಹೋಯಿತು.

ವರಾಂಡದಿಂದ ಓಡಿಬಂದ ಫರ್ಜಾನಾ ನೇರ ಒಳಗೆ ನುಗ್ಗಿದಳು. ಅವಳಿಗೆ ಯಂತ್ರ ಗೊತ್ತು, ಬಾಯಿ ಬಿಗಿಹಿಡಿದೇ ನೀಲಮ್ಮನವರನ್ನು ಎಳೆಯತೊಡಗಿದಳು, ಅವರ ಬಾಯಿಯನ್ನೂ ಅಂಗೈಯಿಂದ ಮುಚ್ಚಿದಳು. ಆದರೆ ನೀಲಮ್ಮನವರ ನರಳಾಟಕ್ಕೆ ಬೀಸಿದ ಕೈ ಫರ್ಜಾನಾಳ ಭುಜಕ್ಕೆ ಬಿತ್ತು. ತೋಳು ಕೀಲಿನಿಂದ ಕಳಚಿ ಜೋತುಬಿತ್ತು. ಅವಳೂ ಚೀರಿದಳು.

ಜಾಲಿಹಾಳರು ಕಣದ ಹೊರಗಿದ್ದರು. ಅಂಚಿನಿಂದ ಮೂರು ಹೆಜ್ಜೆ ದೂರದಲ್ಲಿ, ಪೂರ್ತಿ ಸುರಕ್ಷಿತವಾಗಿ. ಬೊಂಬೆಯ ಕೈ ಹಿಂದಕ್ಕೆ ಹೋಗುವ ರೀತಿ, ಬೀಸುವ ಮೊದಲು ಮೊಣಕೈ ತುಸು ಮಡಿಯುವುದು, ಏಟಿನ ನಂತರ ಕಿವಿಗೊಟ್ಟು ಕಾಯುವುದು, ಎಲ್ಲವನ್ನೂ ಅವರೇ ಅದಕ್ಕೆ ಕೂತು ಕಲಿಸಿದ್ದರು. ಅಲ್ಲಿ ಹೊಡೆಯುತ್ತಿದ್ದುದು ತಮ್ಮದೇ ಕೈ ಎಂದು ಅವರಿಗೆ ಅನ್ನಿಸಿತು ಎಂದರೆ ಸಾಲದು. ಅದು ಅವರ ಕೈಯೇ ಆಗಿತ್ತು. ಅವರು ಕಣದೊಳಗೆ ಕಾಲಿಟ್ಟರು. ಎದುರಿನ ಮೂಲೆಗೆ ಹೋಗಿ, ಏನು ಕೂಗಬೇಕೆಂದು ತಿಳಿಯದೆ, ಇಪ್ಪತ್ತೆಂಟು ವರ್ಷದಿಂದ ಕೂಗಿದ್ದನ್ನೇ ಕೂಗಿದರು:

"ಏ ಮಗನ, ಇಲ್ಲಿ ಬಾ!"

ಅದು ಬಂತು.

ಮೊದಲ ಏಟಿಗೆ ದವಡೆ ಮುರಿಯಿತು. ಅಷ್ಟು ಹೊತ್ತಿಗೆ ಉಳಿದವರು ಒಳಗೆ ಬಂದು ಮೂವರನ್ನೂ ಹೊರಗೆಳೆಯುತ್ತಿದ್ದುದು ಅವರಿಗೆ ಕಾಣಿಸಿತು. ಅದಕ್ಕಾಗಿ ಎರಡನೇ ಸಲವೂ ಮೂರನೇ ಸಲವೂ ಬೇಕೆಂದೇ ಕೂಗಿದರು. ನಾಲ್ಕನೆಯದು ಪಕ್ಕೆಗೆ ಬಿತ್ತು. ಅಲ್ಲಿಂದ ಮುಂದೆ ಕೂಗು ಬೇಕೆಂದು ಬಂದದ್ದಲ್ಲ.

ಕಣದಲ್ಲಿ ಅವರೊಬ್ಬರೇ ಉಳಿದರು. ಅಂಚಿನತ್ತ ತೆವಳಲು ನೋಡಿದರೆ ಹುಡಿ ಮೊಣಕಾಲನ್ನು ಹಿಡಿದು ಜಗ್ಗುತ್ತಿತ್ತು. ಮೂರು ಸೆಕೆಂಡು ಸುಮ್ಮನಿದ್ದರೆ ಸಾಕೆಂದು ಅವರಿಗೆ ಗೊತ್ತಿತ್ತು. ಆ ಶರತ್ತು ಬರೆದವರೇ ಅವರು. ಒಂದು, ಎರಡು ಎಂದು ಮನಸ್ಸಿನಲ್ಲೇ ಎಣಿಸುವಷ್ಟರಲ್ಲಿ ಮುರಿದ ಪಕ್ಕೆಯಿಂದ ಉಸಿರು ನರಳಾಟವಾಗಿ ಹೊರಬೀಳುತ್ತಿತ್ತು, ಏಟು ಬೀಳುತ್ತಿತ್ತು. ಮತ್ತೆ ಒಂದು, ಎರಡು. ಮತ್ತೆ ಏಟು. ಸುಮ್ಮನಿರುವುದು ಮನುಷ್ಯನ ಕೈಲಿ ಆಗುವ ಕೆಲಸವೇ ಅಲ್ಲವೆಂದು ಅವರಿಗೆ ತಿಳಿಯಿತು. ಹೊರಗಿನಿಂದ ಯಾರೋ ಅಳುತ್ತ, ಸುಮ್ನಿರ್ರಿ ಸರ್, ಸುಮ್ನಿರ್ರಿ ಎನ್ನುತ್ತಿದ್ದರು. ಹಾಗೆ ಹೇಳುವವರ ಮೇಲೆ ಅವರಿಗೆ ಜನ್ಮದಲ್ಲಿ ಬಾರದಷ್ಟು ಸಿಟ್ಟು ಬಂತು.

ಹನ್ನೊಂದನೇ ಏಟಿನ ನಂತರ ಅವರು ಎಡ ಮುಂಗೈಯನ್ನು ಬಾಯಿಗೆ ತುರುಕಿಕೊಂಡರು. ಮುರಿದ ದವಡೆ ಮುಚ್ಚಲೊಲ್ಲದು. ಬಲಗೈಯಿಂದ ಗದ್ದವನ್ನು ಮೇಲಕ್ಕೆ ಒತ್ತಿ, ಹಲ್ಲು ಮಾಂಸಕ್ಕೆ ಇಳಿಯುವವರೆಗೆ ಒತ್ತಿ, ನೋವನ್ನೆಲ್ಲ ಕೈಯ ಕಡೆಗೆ ಕಳಿಸಿ ಉಸಿರು ಕಟ್ಟಿದರು. ಒಂದು. ಎರಡು. ಬೊಂಬೆ ಕೈ ಎತ್ತಿ ಕಿವಿಗೊಟ್ಟು ನಿಂತಿತ್ತು. ಮೂರು. ಅದು ಕೈ ಇಳಿಸಿತು. ನಿಂತಲ್ಲೇ ಕುಸಿದು, ಬಿಸಿ ಹುಡಿಯ ರಾಶಿಯಾಗಿ ಅವರ ಮೇಲೆ ಸುರಿಯಿತು. ಆ ಹೊತ್ತಿಗೆ ಬೀಗ ಒಡೆದವರು ಮೇನ್ ಇಳಿಸಿದರು.

ದೇಸಾಯಿ ಎರಡನೇ ದಿನ ಮಧ್ಯಾಹ್ನ ತೀರಿಕೊಂಡರು. ಪ್ರಜ್ಞೆ ಬರಲೇ ಇಲ್ಲ. ನೀಲಮ್ಮನವರ ಒಂದು ಕಣ್ಣು ಹೋಯಿತು. ವಿಚಾರಣೆಗೆ ಬಂದವರ ಮುಂದೆ ಯಂತ್ರ ತಂದವರು ದೇಸಾಯಿಯವರ ತಪ್ಪು ಎಂದರು, ಶಿಕ್ಷಕರು ಯಂತ್ರದ ತಪ್ಪು ಎಂದರು. ಜಾಲಿಹಾಳರ ದವಡೆಯನ್ನು ತಂತಿಯಿಂದ ಬಿಗಿದಿದ್ದರು, ಮಾತಾಡುವಂತಿರಲಿಲ್ಲ. ಅವರು ಹಾಳೆ ತರಿಸಿಕೊಂಡು, ಪ್ರೋಗ್ರಾಂ ಬರೆದವನು ನಾನು, ಹಾಕಿ ಎಂದು ಒಪ್ಪಿಗೆ ಕೊಟ್ಟವನೂ ನಾನು ಎಂದು ಬರೆದು ಸಹಿ ಹಾಕಿದರು.

ಒಂಬತ್ತನೇ ದಿನ ನರ್ಸ್ ಮುಂಗೈಯ ಪಟ್ಟಿ ಬದಲಿಸುವಾಗ ದಾಕ್ಷಾಯಿಣಿ ಪಕ್ಕದಲ್ಲಿದ್ದಳು. ಎರಡು ಟ್ರಿಪ್ಪುಗಳ ನಡುವೆ ಬಿಡುವು ಮಾಡಿಕೊಂಡು ಬಂದಿದ್ದಳು, ಟಿಕೆಟ್ ಮೆಷಿನ್ ಹೆಗಲಲ್ಲೇ ಇತ್ತು. ಗಾಯ ಬಿಚ್ಚಿದಾಗ ಎರಡು ಅರ್ಧಚಂದ್ರದಂತೆ ಹಲ್ಲಿನ ಗುರುತು ಎದ್ದು ಕಂಡಿತು. ಅವಳು ಅದನ್ನೇ ನೋಡುತ್ತ ನಿಂತಳು. ನರ್ಸ್ ಹೋದ ಮೇಲೆ ತನ್ನ ಖಾಕಿ ತೋಳಿನ ಗುಂಡಿ ಬಿಚ್ಚಿ, ಮೊಣಕೈವರೆಗೆ ಮಡಿಚಿ, ಎಡಗೈಯನ್ನು ಮಂಚದ ಮೇಲಿಟ್ಟಳು. ಒಂದಲ್ಲ, ಏಳೆಂಟು. ಹಳೆಯವು, ಬಿಳಿಚಿದವು, ಚಿಕ್ಕ ಬಾಯಿಯ ಅಳತೆಯವು.

ಜಾಲಿಹಾಳರು ಹಾಳೆಯ ಮೇಲೆ, ಆಗ ಎಷ್ಟು ವರ್ಷದಾಕಿ ಇದ್ದಿ ಎಂದು ಬರೆದರು. ಅಕ್ಷರ ಅಡ್ಡಾದಿಡ್ಡಿಯಾಗಿತ್ತು.

"ಆರು," ಎಂದಳು ಅವಳು. "ಮೊದಲು ಫ್ರಾಕಿನ ತುದಿ ಬಾಯಾಗ ಇಟ್ಕೋತಿದ್ದೆ. ಅದು ಸಾಲತಿರಲಿಲ್ಲ." ಆಮೇಲೆ, "ಅವ್ವನ ಕೈ ಯಾವತ್ತರ ನೋಡೀರೇನು?" ಎಂದು ಕೇಳಿದಳು.  ತೋಳು ಇಳಿಸಿ ಗುಂಡಿ ಹಾಕಿಕೊಂಡು, ಇಳಕಲ್ಲಿನ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.

ಸಂಜೆ ಶಕುಂತಲಾ ಗಂಜಿ ತಂದಾಗ ಅವರು ಅವಳ ಕೈ ಹಿಡಿದು ಸೀರೆಯ ಸೆರಗು ಸರಿಸಲು ಹೋದರು. ಅವಳು ಗಾಬರಿಯಿಂದ ಕೈ ಕಿತ್ತುಕೊಂಡು ಗೋಡೆಗೆ ಸರಿದಳು. ಹೊಡೆಯುವುದಕ್ಕಲ್ಲ ಎಂದು ಹೇಳಲು ಬಾಯಿ ತೆರೆಯುವಂತಿರಲಿಲ್ಲ. ಆಕೆ ಹಾಗೇ ಗೋಡೆಗೊರಗಿ ನಿಂತಿದ್ದಳು, ಇವರು ಹಾಗೇ ಕೈ ಚಾಚಿಕೊಂಡಿದ್ದರು. ಆಮೇಲೆ ಕೈಯನ್ನು ಹೊದಿಕೆಯ ಒಳಗಿಟ್ಟುಕೊಂಡರು.

ಆರು ತಿಂಗಳ ನಂತರ ತರಬೇತಿ ಮತ್ತೆ ಶುರುವಾಯಿತು. ಪೂರ್ಣಶಕ್ತಿಯ ಆಯ್ಕೆಯನ್ನೇ ತೆಗೆದುಹಾಕಿದ್ದರು, ಬೊಂಬೆ ಈಗ ಗೇಣುದ್ದ. ಜಾಲಿಹಾಳರ ಪ್ರೋಗ್ರಾಮನ್ನೂ ಅಳಿಸಿಹಾಕಬೇಕೆಂದು ಮೇಲಿನವರು ಹೇಳಿದ್ದರಂತೆ. ಶರತ್ತು ಮುಗಿಯುವವರೆಗೆ ಸುತ್ತುತ್ತಲೇ ಇರುವ ಲೂಪ್ ಎಂದರೇನೆಂದು ಇದಕ್ಕಿಂತ ಚೆನ್ನಾಗಿ ತೋರಿಸುವ ಪಾಠ ತನ್ನ ಬಳಿ ಇಲ್ಲವೆಂದು ಫರ್ಜಾನಾ ಹಟ ಹಿಡಿದಳು. ಅವಳ ಎಡತೋಳು ಈಗ ಭುಜದ ಮೇಲಕ್ಕೆ ಏಳುವುದಿಲ್ಲ. ಬರೆದವರ ಹೆಸರು ಬೇಡವೆಂದರೆ ತೆಗೆಯುತ್ತೇನೆ ಎಂದು ಅವಳು ಕೇಳಿದ್ದಕ್ಕೆ, ಊರಿನ ಹೆಸರಿನ ಸಮೇತ ಇರಲಿ ಎಂದರು ಅವರು. ಮೊದಲ ತಂಡಕ್ಕೆ ನಾನೇ ಬಂದು ಹೇಳುತ್ತೇನೆ ಎಂದೂ ಕೇಳಿಕೊಂಡರು. ಇಲಾಖೆ ಅವರನ್ನು ಅಮಾನತಿನಲ್ಲಿಟ್ಟಿತ್ತು. ಮನೆಯಲ್ಲಿ ಮಗಳು ಈಗಲೂ ಹೂಂ, ಇಲ್ಲ ಬಿಟ್ಟರೆ ಮಾತಾಡುತ್ತಿರಲಿಲ್ಲ. ಬದಲಾದದ್ದೆಂದರೆ, ಅದು ಸಂಸ್ಕಾರವಲ್ಲವೆಂದು ಅವರಿಗೆ ತಿಳಿದಿತ್ತು.

ದವಡೆ ಸೊಟ್ಟಗೆ ಕೂಡಿದ್ದರಿಂದ ಮಾತು ತೊದಲುತ್ತಿತ್ತು. ಬಂದ ನಲವತ್ತು ಜನ ಹೊಸಬರ ಮುಂದೆ ಅವರು ಗೇಣುದ್ದದ ಬೊಂಬೆಗಳನ್ನು ಎಬ್ಬಿಸಿದರು. ಎರಡು ಸಾಲು ಓದಿ ಹೇಳಿದರು. ದೇಸಾಯಿಯವರ ಹೆಸರು ಹೇಳಿದರು, ನೀಲಮ್ಮನವರ ಹೆಸರು ಹೇಳಿದರು, ತಾವು ಎಷ್ಟು ಏಟಿಗೆ ಸುಮ್ಮನಾದದ್ದು, ಹೇಗೆ ಸುಮ್ಮನಾದದ್ದು ಎಂಬುದನ್ನು ಅಂಗಿಯ ತೋಳು ಮಡಿಚಿ ತೋರಿಸಿದರು. ಮಗಳ ತೋಳಿನ ಮಾತು ಮಾತ್ರ ಎತ್ತಲಿಲ್ಲ, ಅದು ಅವಳಿಗೆ ಸೇರಿದ್ದು.

 ಕೊನೆಗೆ ಬಾದಾಮಿ ಕಡೆಯ ಒಬ್ಬ ದಪ್ಪನೆಯ ಮೇಷ್ಟ್ರು ಎದ್ದು ನಿಂತರು. ಅವರ ಮುಖದಲ್ಲಿ ತುಸು ಸಿಟ್ಟಿತ್ತು, ತುಸು ಭಯವೂ ಇತ್ತು.

"ಅದೆಲ್ಲ ಸರೀರಿ ಸರ್. ಎದುರಿಗೆ ಹುಡುಗ ನಿಂತು ಅಳಾಕತ್ತಿದ್ರ ನಾವೇನ್ ಮಾಡ್ಬೇಕು, ಅದನ್ನ ಹೇಳ್ರಿ."

ಜಾಲಿಹಾಳರು ತಿರುಗಿ ನೋಡಿದರು.  ಕಣದ ಮೇಲೆ ಬೊಂಬೆ ಹೊಡೆಯುತ್ತಲೇ ಇತ್ತು.

"ಮೊದ್ಲು ಕೈ ನಿಲ್ಲಸ್ರಿ," ಎಂದರು ಅವರು ತೊದಲುತ್ತ. "ಆಮ್ಯಾಲ ಕೂತು ವಿಚಾರ ಮಾಡೋಣು."